ಕಳಚಿದ ಕ್ಯಾಪ್ ತೊಳೆಯಬೇಡಿ, ಮೊದಲು ಒಳಗೆ ನೋಡಿ

ಕಳೆದ ಮಳೆಗಾಲದಲ್ಲಿ ಆಲ್ದೂರು ಕಡೆಯ ಅಜ್ಜಿಯೊಬ್ಬರು ನಮ್ಮ ಕ್ಲಿನಿಕ್ಕಿಗೆ ಬಂದರು. ಎಲೆಅಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿ ಪಕ್ಕದಿಂದ ಹಲ್ಲಿನ ಕ್ಯಾಪ್ ಒಂದನ್ನು ತೆಗೆದು ನನ್ನ ಅಂಗೈಗೆ ಇಟ್ಟರು. "ಚೆನ್ನಾಗಿ ತೊಳ್ದು, ಪಿನ್ನಲ್ಲಿ ಕೆರೆದು ತಂದೀನಿ ಡಾಕ್ಟ್ರೇ. ಒಂಚೂರು ಅಂಟು ಹಾಕಿ ಕೂರಿಸಿಬಿಡಿ" ಅಂದರು. ಅದು ಮೂರನೇ ಸಲ ಬಿದ್ದಿದ್ದ ಕ್ಯಾಪ್. ಮೂರೂ ಸಲ ಅಂಟಿಸಿದ್ದು ನಾನೇ.

ಅಜ್ಜಿ ಪಾಪ ಒಳ್ಳೆಯದಕ್ಕೇ ತೊಳೆದಿದ್ದರು. ಆದರೆ ಕ್ಯಾಪ್ ಯಾಕೆ ಬಿತ್ತು ಅಂತ ಹೇಳುವ ಸಾಕ್ಷಿ ಇದ್ದದ್ದು ಆ ಕೆರೆದ ಪುಡಿಯಲ್ಲೇ. ಅದು ಅವರ ಮನೆ ಬಚ್ಚಲಲ್ಲಿ ಹೋಯಿತು.

ಚಿಕ್ಕಮಗಳೂರಿನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡವರಿಗೆ ಒಂದು ವಿಚಿತ್ರ ಸೌಲಭ್ಯ ಇದೆ. ಒಂದೇ ಜಿಲ್ಲೆಯಲ್ಲಿ ಎರಡು ಸೀಮೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಸುರಿಯುವ ಮಳೆ, ಅಡಿಕೆ, ಕಾಫಿ. ಕಡೂರಿನ ಕಡೆ ಹೋದರೆ ಬಯಲು, ತೆಂಗು, ಬೋರ್‌ವೆಲ್ ನೀರು. ಅಂಟು ಬಿಡುವುದಕ್ಕೆ ಇರುವ ಕಾರಣಗಳೆಲ್ಲ ಹೆಚ್ಚುಕಡಿಮೆ ಈ ಎರಡು ಸೀಮೆಯಿಂದಲೇ ನನ್ನ ಬಾಗಿಲಿಗೆ ಬಂದಿವೆ. ಹೊಸದಾಗಿ ಕ್ಲಿನಿಕ್ ತೆರೆದ ಹುಡುಗರು ಫೋನ್ ಮಾಡಿ "ಸರ್, ಯಾವ ಬಾಂಡ್ ತಗೊಳ್ಳಲಿ?" ಅಂತ ಕೇಳುತ್ತಾರೆ. (ಬಾಂಡ್ ಅಂದರೆ ಹಲ್ಲಿಗೆ ಹಚ್ಚುವ ಅಂಟುದ್ರವ.) ಬಾಟಲಿ ಬದಲಿಸುವ ಮುಂಚೆ ನೋಡಬೇಕಾದ್ದು ಬೇರೆಯೇ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕ್ಯಾಪ್ ಹಾಕಿಸಿಕೊಂಡವರು ಓದಿದರೂ ನಷ್ಟವಿಲ್ಲ.

ಸಿಮೆಂಟು ಯಾವ ಕಡೆ ಉಳಿದಿದೆ?

ಇದು ಮೊದಲ ಪ್ರಶ್ನೆ. ಹಲ್ಲು, ಸಿಮೆಂಟು, ಕ್ಯಾಪ್: ಮೂರು ಪದರ. ನಡುವೆ ಎರಡು ಗಡಿ. ಬಿಟ್ಟಿರುವುದು ಎಲ್ಲಿ ಅಂತ ತಿಳಿದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಕ್ಯಾಪನ್ನು ಒಣಗಿಸಿ, ಲೂಪ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿಕೊಂಡು, ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಜೂಮ್ ಮಾಡಿ ಒಳಗೆ ನೋಡಿ. ಆಮೇಲೆ ಹಲ್ಲು ನೋಡಿ.

ಸಿಮೆಂಟೆಲ್ಲ ಕ್ಯಾಪಿನೊಳಗೇ ಕೂತಿದೆ, ಹಲ್ಲು ನುಣ್ಣಗೆ ಖಾಲಿ ಇದೆ ಅಂದರೆ ಹಲ್ಲಿನ ಕಡೆಯ ಹಿಡಿತ ಬಿಟ್ಟಿದೆ. ಹಲ್ಲಿನ ಮೇಲೆ ಸಿಮೆಂಟು ಹಾಗೇ ಇದೆ, ಕ್ಯಾಪ್ ಒಳಗೆ ಹೊಳೆಯುತ್ತಿದೆ ಅಂದರೆ ತಪ್ಪು ಕ್ಯಾಪಿನ ಕಡೆ. ಎರಡೂ ಕಡೆ ಅಷ್ಟಷ್ಟು ಅಂಟಿಕೊಂಡಿದ್ದರೆ ಸಿಮೆಂಟೇ ನಡುವೆ ಮುರಿದಿದೆ. ಕ್ಯಾಪಿನ ಜೊತೆ ಹಲ್ಲಿನ ತುಂಡೂ ಕಿತ್ತು ಬಂದಿದ್ದರೆ ಅಂಟು ಗೆದ್ದಿದೆ, ಹಲ್ಲು ಸೋತಿದೆ. ಅದು ಬೇರೆ ಕೇಸು. ಒಳಗೆ ಕಂದು ಬಣ್ಣ, ವಾಸನೆ, ಮೆತ್ತಗಿನ ಹಲ್ಲು ಸಿಕ್ಕರೆ ಅಂಚಿನಿಂದ ನೀರು ನುಗ್ಗಿ ಹುಳುಕು ಶುರುವಾಗಿ ಬಹಳ ದಿನ ಆಗಿದೆ ಅಂತ ಅರ್ಥ.

ಎರಡನೇ ಪ್ರಶ್ನೆ, ಯಾವಾಗ ಬಿತ್ತು? ಅದೇ ದಿನ ಅಥವಾ ವಾರದೊಳಗೆ ಬಿದ್ದರೆ ನಮ್ಮ ಕೈಕೆಲಸದ ತಪ್ಪು: ಜೊಲ್ಲು, ನೀರು, ಎಣ್ಣೆ, ಗಟ್ಟಿಯಾಗದ ಸಿಮೆಂಟು. ಕೆಲವು ತಿಂಗಳು ಬಿಟ್ಟು ಬಿದ್ದರೆ ಹಲ್ಲಿನ ಆಕಾರ, ಕಚ್ಚುವ ರೀತಿ ನೋಡಬೇಕು. ವರ್ಷಗಟ್ಟಲೆ ನಿಂತು ಬಿದ್ದರೆ ಸೋರಿಕೆ, ಹುಳುಕು, ಅಥವಾ ಬಾಂಡ್ ಪದರವೇ ನೀರಿಗೆ ಕರಗುತ್ತಾ ಬಂದಿರುವುದು. ಈ ಎರಡು ಉತ್ತರವನ್ನು ಕೇಸ್ ಪೇಪರಿನಲ್ಲಿ ಬರೆದಿಡಿ. ನಾನು ಅಜ್ಜಿಯ ಕೇಸಿನಲ್ಲಿ ಮೊದಲ ಎರಡು ಸಲ ಬರೆದಿರಲಿಲ್ಲ. ಸುಮ್ನೆ ಅಂಟಿಸಿ ಕಳಿಸಿದ್ದೆ.

ಅಂಟು ಹಿಡಿಯುವುದು ಹೇಗೆ

ಹಳೇ ಗೋಡೆಗೆ ಹೊಸ ಗಾರೆ ಮೆತ್ತುವ ಮುಂಚೆ ಮೇಸ್ತ್ರಿ ಉಳಿಯಿಂದ ಕಚ್ಚು ಹೊಡೆಯುತ್ತಾನಲ್ಲ, ಹಲ್ಲಿನ ಮೇಲ್ಪದರಕ್ಕೂ ನಾವು ಮಾಡುವುದು ಅದೇ ಕೆಲಸ. ಉಳಿಯ ಬದಲು ಆಸಿಡ್. ಅಮೆರಿಕದ ಮೈಕಲ್ ಬ್ಯುನೊಕೋರ್ 1955ರಲ್ಲಿ ಇದನ್ನು ತೋರಿಸಿದರು. ಲೋಹಕ್ಕೆ ಬಣ್ಣ ಚೆನ್ನಾಗಿ ಕೂರಲಿ ಅಂತ ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಸಿಡ್ ಹಚ್ಚುತ್ತಿದ್ದರು. ಅದನ್ನೇ ಹಲ್ಲಿನ ಮೇಲ್ಪದರ ಎನಾಮೆಲ್‌ಗೆ ಹಚ್ಚಿ ನೋಡಿದರು. ಅವರು ಬಳಸಿದ್ದು ಶೇ. 85ರ ಆಸಿಡ್, 30 ಸೆಕೆಂಡ್. ಈಗ ನಾವು ಬಳಸುವ ನೀಲಿ ಜೆಲ್ ಸಾಮಾನ್ಯವಾಗಿ ಶೇ. 37ರದು. ಎನಾಮೆಲ್ ತೂಕದಲ್ಲಿ ಶೇ. 96ರಷ್ಟು ಖನಿಜ. ಆಸಿಡ್ ಅದರಲ್ಲಿ ಕಣ್ಣಿಗೆ ಕಾಣದ ಗುಳಿಗಳನ್ನು ತೋಡುತ್ತದೆ. ಬಾಂಡಿನ ತೆಳು ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಆ ಗುಳಿಗೆ ಇಳಿದು ಗಟ್ಟಿಯಾಗಿ ಬೇರು ಬಿಟ್ಟ ಹಾಗೆ ಹಿಡಿದುಕೊಳ್ಳುತ್ತದೆ.

ಒಳಗಿನ ಡೆಂಟಿನ್ ಇಷ್ಟು ಸುಲಭದ ಆಸಾಮಿ ಅಲ್ಲ. ಅದರಲ್ಲಿ ಖನಿಜ ಶೇ. 70ರಷ್ಟು. ಉಳಿದದ್ದು ಕೊಲಾಜೆನ್ ನಾರು ಮತ್ತು ನೀರು. ಜೊತೆಗೆ ನರದ ಕಡೆಯಿಂದ ಬರುವ ಸಣ್ಣ ಸಣ್ಣ ಕೊಳವೆಗಳು. ನರದ ಹತ್ತಿರ ಒಂದು ಚದರ ಮಿ.ಮೀ.ಗೆ ಸುಮಾರು 45,000. ಅಂದರೆ ಡೆಂಟಿನ್ ಯಾವಾಗಲೂ ಒಳಗಿನಿಂದ ಒದ್ದೆ. ಆಸಿಡ್ ಹಾಕಿದರೆ ಖನಿಜ ಹೋಗಿ ನಾರಿನ ಬಲೆ ಉಳಿಯುತ್ತದೆ. ರೆಸಿನ್ ಆ ಬಲೆಯೊಳಗೆ ನುಗ್ಗಿ ಗಟ್ಟಿಯಾಗಬೇಕು. ಈ ಬೆರಕೆ ಪದರವನ್ನು ಜಪಾನಿನ ನಕಬಯಾಶಿ 1982ರಲ್ಲಿ ಗುರುತಿಸಿದರು. ಹೈಬ್ರಿಡ್ ಲೇಯರ್ ಅನ್ನುವುದು ಇದಕ್ಕೇ.

ರಾಸಾಯನಿಕವಾಗಿ ಹಿಡಿಯುವ ಸಿಮೆಂಟುಗಳೂ ಇವೆ. ನಾವು ದಿನಾ ಕಲಸುವ ಗ್ಲಾಸ್ ಅಯಾನೋಮರ್, ಅಂದರೆ ಜಿಐಸಿ, ಹಲ್ಲಿನ ಕ್ಯಾಲ್ಸಿಯಂ ಜೊತೆ ನೇರವಾಗಿ ಕೊಂಡಿ ಹಾಕಿಕೊಳ್ಳುತ್ತದೆ. ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ 1970ರ ದಶಕದ ಶುರುವಿನಲ್ಲಿ ಇದನ್ನು ತಂದರು. ಇನ್ನು ನಮ್ಮ ಹಿರಿಯರ ಜಿಂಕ್ ಫಾಸ್ಫೇಟ್ ಹಲ್ಲಿಗೆ ಅಂಟುವುದೇ ಇಲ್ಲ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆಣೆ ಬಡಿದ ಹಾಗೆ ಸಂದಿಯಲ್ಲಿ ಬಿಗಿಯಾಗಿ ಕೂರುತ್ತದೆ, ಅಷ್ಟೇ. ಆದರೂ ಮೂವತ್ತು ವರ್ಷ ನಿಂತ ಕ್ಯಾಪ್‌ಗಳನ್ನು ನೋಡಿದ್ದೇನೆ. ಯಾಕೆ ಅಂತ ಕೊನೆಗೆ ಬರುತ್ತೇನೆ.

ಹಲ್ಲಿನ ಕಡೆ ಬಿಟ್ಟಿದ್ದರೆ

ಇಲ್ಲಿ ನೂರಕ್ಕೆ ತೊಂಬತ್ತು ಸಲ ಕಳ್ಳ ಒಬ್ಬನೇ: ನೀರು. ಇರಬಾರದ ಕಡೆ ಇರುತ್ತದೆ, ಇರಬೇಕಾದ ಕಡೆ ಇರುವುದಿಲ್ಲ. (ತೊಂಬತ್ತು ಅಂದದ್ದು ನನ್ನ ಅಂದಾಜು. ಲೆಕ್ಕ ಇಟ್ಟವನಲ್ಲ.)

ಎನಾಮೆಲ್ ನೋಡುವುದು ಸುಲಭ. ಆಸಿಡ್ ತೊಳೆದು ಒಣಗಿಸಿದ ಮೇಲೆ ಸೀಮೆಸುಣ್ಣದ ಹಾಗೆ ಮಾಸಲು ಬಿಳಿ ಆಗಬೇಕು. ಆಗದಿದ್ದರೆ ಮುಂದೆ ಹೋಗಬೇಡಿ. ಬಿಳಿಯಾದ ಮೇಲೆ ಒಂದು ಸಲ ನಾಲಿಗೆ ತಗುಲಿತು, ಜೊಲ್ಲು ಹರಿಯಿತು ಅಂದರೆ ಕೆಲಸ ಕೆಟ್ಟಿತು. ಜೊಲ್ಲಿನ ಪ್ರೋಟೀನು ಕ್ಷಣದಲ್ಲಿ ಆ ಗುಳಿಗಳ ಮೇಲೆ ಪೊರೆ ಕಟ್ಟುತ್ತದೆ. ಗಾಳಿ ಊದಿ ಒಣಗಿಸಿದರೆ ಪೊರೆ ಹೋಗುವುದಿಲ್ಲ, ಅಲ್ಲೇ ಒಣಗುತ್ತದೆ. ತೊಳೆದು, ಮತ್ತೆ ಸ್ವಲ್ಪ ಹೊತ್ತು ಆಸಿಡ್ ಹಚ್ಚಿ, ಮತ್ತೆ ತೊಳೆಯಬೇಕು. ಕೆಳಗಿನ ದವಡೆಯ ಕೊನೇ ಹಲ್ಲಿಗೆ ಜೊಲ್ಲು ತಡೆಯುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಹಾಕಲು ಸೋಮಾರಿತನ ಮಾಡಿದವನಿಗೆ ಈ ಮಾತು ಅರ್ಥವಾಗುತ್ತದೆ. ನಾನೂ ಮಾಡಿದ್ದೇನೆ.

ಡೆಂಟಿನ್‌ನಲ್ಲಿ ಇದು ತಿರುಗುಮುರುಗು. 15 ಸೆಕೆಂಡಿಗಿಂತ ಜಾಸ್ತಿ ಆಸಿಡ್ ಬೇಡ. ತೊಳೆದ ಮೇಲೆ ಪೂರ್ತಿ ಒಣಗಿಸಲೂ ಬಾರದು. ಕೆರೆಯಲ್ಲಿ ನೀರಿದ್ದಾಗ ಪಾಚಿ ಬಿಡಿಬಿಡಿಯಾಗಿ ನಿಂತಿರುತ್ತದೆ. ನೀರು ಇಂಗಿದರೆ ನೆಲಕ್ಕೆ ಅಂಟಿ ಚಾಪೆಯ ಹಾಗೆ ಮಲಗುತ್ತದೆ. ಕೊಲಾಜೆನ್ ನಾರೂ ಹಾಗೇ. ಗಾಳಿ ಜಾಸ್ತಿ ಊದಿದರೆ ಬಲೆ ಮಲಗುತ್ತದೆ, ರೆಸಿನ್ ಒಳಗೆ ಇಳಿಯಲು ದಾರಿಯೇ ಇಲ್ಲ. ಹಾಗಂತ ನೀರು ನಿಲ್ಲಿಸಿದರೆ ರೆಸಿನ್ ತೆಳುವಾಗಿ ಗುಳ್ಳೆ ಬೀಳುತ್ತದೆ. ಹದ ಹೇಗೆ ತಿಳಿಯುವುದು? ಡೆಂಟಿನ್ ಮೇಲೆ ಹೊಳಪು ಇರಬೇಕು, ನೀರಿನ ಮಡು ಇರಬಾರದು. ಊದುವ ಬದಲು ಹತ್ತಿಯ ಸಣ್ಣ ಉಂಡೆಯಿಂದ ಒತ್ತಿ ತೆಗೆದರೆ ಹದ ಸುಲಭವಾಗಿ ಸಿಗುತ್ತದೆ. ಅತಿಯಾಗಿ ಒಣಗಿಸಿದ ಕೇಸಿಗೆ ಇನ್ನೊಂದು ಸುಳಿವಿದೆ: ಫಿಲ್ಲಿಂಗ್ ಆದ ಮಾರನೇ ದಿನ "ಕಚ್ಚಿದರೆ ಜುಂ ಅನ್ನುತ್ತೆ, ತಣ್ಣೀರು ಕುಡಿಯೋಕಾಗಲ್ಲ" ಅಂತ ಫೋನ್ ಬರುತ್ತದೆ.

ಆಸಿಡ್ ಬೇರೆಯಾಗಿ ಹಚ್ಚದ ಸೆಲ್ಫ್ ಎಚ್ ಬಾಂಡ್‌ಗಳಲ್ಲಿ ಈ ತಲೆನೋವು ಕಡಿಮೆ. ಆದರೆ ಅವು ಎನಾಮೆಲ್‌ಗೆ ಅಷ್ಟು ಚೆನ್ನಾಗಿ ಕಚ್ಚು ಹೊಡೆಯುವುದಿಲ್ಲ. ಅದಕ್ಕೇ ಎನಾಮೆಲ್ ಅಂಚಿಗೆ ಮಾತ್ರ ಜೆಲ್ ಹಚ್ಚಿ, ಉಳಿದದ್ದನ್ನು ಬಾಂಡ್‌ಗೆ ಬಿಡುವುದು ನನಗೆ ರೂಢಿ.

ಬಾಟಲಿಯನ್ನೂ ನೋಡಿ. ಅಸಿಟೋನ್ ಇರುವ ಬಾಂಡ್ ಮುಚ್ಚಳ ತೆರೆದಿಟ್ಟರೆ ಆವಿಯಾಗಿ ಮಂದವಾಗುತ್ತದೆ. ನಮ್ಮ ಅಸಿಸ್ಟೆಂಟ್ ಹುಡುಗಿ ಅನುಕೂಲ ಆಗಲಿ ಅಂತ ಪೇಷೆಂಟ್ ಕೂರುವ ಮುಂಚೆಯೇ ಎರಡು ಹನಿ ಬಟ್ಟಲಿಗೆ ಹಾಕಿಟ್ಟಿರುತ್ತಿದ್ದಳು. ನಾನು ಇಂಜೆಕ್ಷನ್ ಕೊಟ್ಟು, ಹುಳುಕು ತೆಗೆದು ಮುಗಿಸುವಷ್ಟರಲ್ಲಿ ಅದು ಜೇನಿನ ಹಾಗೆ ಆಗಿರುತ್ತಿತ್ತು. ಬೈಯುವ ತಪ್ಪಲ್ಲ, ಹೇಳಿಕೊಡಬೇಕಾದ ವಿಷಯ. ನಾನು ಹೇಳಿಕೊಟ್ಟಿರಲಿಲ್ಲ.

ಇನ್ನು ಹಲ್ಲಿನ ಚರಿತ್ರೆ. ತಾತ್ಕಾಲಿಕ ಸಿಮೆಂಟಿನಲ್ಲಿ ಲವಂಗದೆಣ್ಣೆಯ ಸಾರ ಯುಜಿನಾಲ್ ಇದ್ದರೆ ಅದು ರೆಸಿನ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಮನೆಯಲ್ಲಿ ಹಲ್ಲುನೋವಿಗೆ ಲವಂಗದೆಣ್ಣೆ ಹತ್ತಿ ಇಟ್ಟುಕೊಂಡು ಬಂದವರನ್ನೂ ಕೇಳಿ ನೋಡಿ. ಪ್ಯೂಮಿಸ್ ಪುಡಿಯಿಂದ ಉಜ್ಜಿ, ಆಸಿಡ್ ಹಚ್ಚಿ ತೊಳೆದ ಮೇಲೇ ಮುಂದಿನ ಕೆಲಸ. ಹಲ್ಲು ಬಿಳಿ ಮಾಡಿಸಿಕೊಂಡವರಿಗೆ ಎರಡು ವಾರ ಕಾಯಲು ಹೇಳಿ. ಪೆರಾಕ್ಸೈಡ್ ಬಿಟ್ಟ ಆಮ್ಲಜನಕ ಹಲ್ಲೊಳಗೆ ಉಳಿದು ಬಾಂಡ್ ಕೆಡಿಸುತ್ತದೆ. ಮದುವೆ ಹತ್ತಿರ ಇಟ್ಟುಕೊಂಡು ಬರುವವರು ಇದನ್ನು ಕೇಳುವುದಿಲ್ಲ, ಬಿಡಿ. ರೂಟ್ ಕೆನಾಲ್‌ಗೆ ಬಳಸುವ ಹೈಪೋಕ್ಲೋರೈಟ್ ದ್ರಾವಣವೂ ಡೆಂಟಿನ್‌ನಲ್ಲಿ ಇದೇ ತರಹದ ತೊಂದರೆ ಕೊಡುತ್ತದೆ.

ಬಯಲು ಸೀಮೆಯ ಹಲ್ಲುಗಳದ್ದು ಇನ್ನೊಂದು ಕಥೆ. ಕಡೂರು, ಪಕ್ಕದ ಅರಸೀಕೆರೆ ಕಡೆಯಿಂದ ಬರುವ ಕೆಲವರ ಮುಂದಿನ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಪಟ್ಟೆ ಇರುತ್ತವೆ. ಬೋರ್‌ವೆಲ್ ನೀರಿನ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಕುಡಿದವರ ಎನಾಮೆಲ್‌ನ ಹೊರಪದರ ಆಸಿಡ್‌ಗೆ ಸುಲಭವಾಗಿ ಬಗ್ಗುವುದಿಲ್ಲ. 20 ಸೆಕೆಂಡ್ ಹಚ್ಚಿ ತೊಳೆದರೆ ಇನ್ನೂ ಮಿರಮಿರ ಹೊಳೆಯುತ್ತಿರುತ್ತದೆ. ಇಂಥ ಹಲ್ಲಿಗೆ ಅಂಟಿಸಿದ, ಹಲ್ಲು ನೇರ ಮಾಡುವ ತಂತಿಯ ಬ್ರಾಕೆಟ್ ಬುತ್ತಿ ಬಿಚ್ಚುವಷ್ಟರಲ್ಲಿ ಉದುರುತ್ತದೆ. ಮೇಲ್ಪದರವನ್ನು ಸಣ್ಣ ಡೈಮಂಡ್ ಬರ್‌ನಿಂದ (ಡ್ರಿಲ್ಲಿನ ತುದಿ) ಹಗುರವಾಗಿ ಸವರಿ, ಆಸಿಡ್ ಸಮಯ ಜಾಸ್ತಿ ಮಾಡಿದರೆ ಸೀಮೆಸುಣ್ಣದ ಬಿಳಿ ಬರುತ್ತದೆ. ಗಡಿಯಾರ ನೋಡಬೇಡಿ, ಹಲ್ಲಿನ ಬಣ್ಣ ನೋಡಿ.

ಬುಡದಲ್ಲಿ ಉಜ್ಜಿ ಉಜ್ಜಿ ಸವೆದ ಹಲ್ಲಿಗೂ ಇದೇ ಪಾಠ. ಇದ್ದಿಲು ಪುಡಿ, ಗಟ್ಟಿ ಬ್ರಷ್ಷು, ಅಡ್ಡಡ್ಡ ಉಜ್ಜುವುದು. ಅಲ್ಲಿನ ಡೆಂಟಿನ್ ಹಳದಿಯಾಗಿ ಗಾಜಿನ ಹಾಗೆ ಹೊಳೆಯುತ್ತದೆ. ಅದರ ಕೊಳವೆಗಳು ಖನಿಜ ತುಂಬಿ ಮುಚ್ಚಿಹೋಗಿರುತ್ತವೆ. ಸ್ವಲ್ಪ ಒರಟು ಮಾಡದೆ ಬಾಂಡ್ ಹಚ್ಚಿದರೆ ಫಿಲ್ಲಿಂಗ್ ಇಡಿಯಾಗಿ ಚಿಪ್ಪಿನ ಹಾಗೆ ಕಳಚಿ ಬರುತ್ತದೆ.

ರೆಸಿನ್ ಗಟ್ಟಿ ಮಾಡುವ ಬೆಳಕಿನ ಬಗ್ಗೆ ನಾಲ್ಕೇ ಮಾತು. ಕ್ಯೂರಿಂಗ್ ಲೈಟಿನ ತುದಿಗೆ ಹಳೇ ಕಾಂಪೋಸಿಟ್ (ಬಿಳಿ ಫಿಲ್ಲಿಂಗ್ ಮುದ್ದೆ) ಮೆತ್ತಿಕೊಂಡಿದೆಯಾ ನೋಡಿ. ತಿಂಗಳಿಗೊಮ್ಮೆ ಮೀಟರಿನಲ್ಲಿ ಅಳೆಯಿರಿ, ಚದರ ಸೆಂ.ಮೀ.ಗೆ 400 ಮಿಲಿವ್ಯಾಟ್‌ಗಿಂತ ಕೆಳಗೆ ಬಂದರೆ ಆ ಲೈಟ್ ಟಾರ್ಚಿಗೆ ಸಮ. ಒಂದು ಸಲಕ್ಕೆ 2 ಮಿ.ಮೀ.ಗಿಂತ ದಪ್ಪ ತುಂಬಬೇಡಿ. ಹಿಂದಿನ ರಾತ್ರಿ ಕರೆಂಟ್ ಇರಲಿಲ್ಲ ಅಂದರೆ ಬೆಳಗ್ಗೆ ಮೊದಲು ಬ್ಯಾಟರಿ ನೋಡಿ.

ನನ್ನ ಕಂಪ್ರೆಸರ್ ಪುರಾಣ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಎರಡು ತಿಂಗಳು ತಿಂದದ್ದು ಇದೇ.

ಜೂನ್ ಮಧ್ಯದಲ್ಲಿ ಶುರುವಾಯಿತು. ಹಲ್ಲಿನ ಬುಡದ ಫಿಲ್ಲಿಂಗ್‌ಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ಹತ್ತು ದಿನ, ಹದಿನೈದು ದಿನ. ಎಲ್ಲವೂ ಹಲ್ಲಿನ ಕಡೆ ಬಿಟ್ಟವು. ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವುದೇ: ಬಾಂಡ್ ಬಾಟಲಿ ಬದಲಿಸಿದೆ. ಬಿದ್ದವು. ಬೇರೆ ಕಂಪನಿಯದು ತರಿಸಿದೆ. ಬಿದ್ದವು. ಲೈಟ್ ಅಳೆದೆ, ಸರಿ ಇತ್ತು. ಆಸಿಡ್ ಹೊಸದು. ಆಮೇಲೆ ಪೇಷೆಂಟುಗಳ ಮೇಲೆ ಅನುಮಾನ, "ಕಡಬು ಗಟ್ಟಿಯಾಗಿತ್ತಾ?" ಅಂತೆಲ್ಲ ಕೇಳಿದ್ದೇನೆ, ನಾಚಿಕೆ ಆಗುತ್ತದೆ.

ಕೊನೆಗೆ ಒಂದು ಭಾನುವಾರ ಕ್ಲಿನಿಕ್ಕಿನಲ್ಲಿ ಒಬ್ಬನೇ ಕೂತೆ. ಕಿತ್ತ ಎರಡು ಹಲ್ಲು ನೀರಿನಲ್ಲಿ ಇಟ್ಟಿದ್ದೆ. ಎರಡಕ್ಕೂ ಒಂದೇ ಆಸಿಡ್, ಒಂದೇ ಬಾಂಡ್, ಒಂದೇ ಲೈಟ್, ಒಂದೇ ಕಾಂಪೋಸಿಟ್ ಗುಂಡು. ಒಂದೇ ಒಂದು ವ್ಯತ್ಯಾಸ: ಮೊದಲನೆಯದನ್ನು ಒಣಗಿಸಿದ್ದು ಕುರ್ಚಿಯ ತ್ರೀ ವೇ ಸಿರಿಂಜಿನ (ಗಾಳಿ, ನೀರು ಚಿಮ್ಮುವ ಪಿಚಕಾರಿ) ಗಾಳಿಯಿಂದ, ಎರಡನೆಯದನ್ನು ಕ್ಯಾಮೆರಾ ಧೂಳು ಊದುವ ರಬ್ಬರ್ ಬುರುಡೆಯಿಂದ. ಹತ್ತು ನಿಮಿಷ ಬಿಟ್ಟು ಪ್ರೋಬ್ ತುದಿಯಿಂದ ಮೀಟಿದೆ. ಮೊದಲನೆಯದು ಟಪ್ ಅಂತ ಹಾರಿ ಸಿಂಕಿಗೆ ಬಿತ್ತು. ಎರಡನೆಯದು ಅಲುಗಲಿಲ್ಲ. ಬರ್ ಹಾಕಿ ತೇಯ್ದು ತೆಗೆಯಬೇಕಾಯಿತು.

ಸಿರಿಂಜಿನ ಗಾಳಿಯನ್ನು ಬಾಯಿ ಕನ್ನಡಿಯ ಮೇಲೆ ಊದಿದೆ. ಸಣ್ಣ ಹನಿಗಳು. ಬಿಳಿ ಟಿಶ್ಯೂ ಮೇಲೆ ಅರ್ಧ ನಿಮಿಷ ಊದಿದೆ. ನೀರು ಆರಿದ ಮೇಲೂ ಹಪ್ಪಳದ ಎಣ್ಣೆ ಕಲೆಯ ಹಾಗೆ ಒಂದು ಗುರುತು ಉಳಿಯಿತು. ಹಿಂದಿನ ಕೋಣೆಗೆ ಹೋಗಿ, ಆ ಗಾಳಿ ಕೊಡುವ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದೆ. ಚಹಾ ಬಣ್ಣದ ನೀರು, ಮೇಲೆ ಎಣ್ಣೆ ತೇಲುತ್ತಾ, ಒಂದು ಚೊಂಬು ತುಂಬಿ ಇನ್ನೂ ಸುರಿಯುತ್ತಿತ್ತು.

ಲೆಕ್ಕ ಸರಳ. ಮಳೆಗಾಲದ ನಮ್ಮ ಗಾಳಿಯಲ್ಲಿ ತೇವ ತುಂಬಿರುತ್ತದೆ. ಅದನ್ನು ಒತ್ತಿ ಟ್ಯಾಂಕಿಗೆ ತುಂಬಿದರೆ, ತಣ್ಣಗಾದಂತೆ ತೇವ ನೀರಾಗಿ ತಳ ಸೇರುತ್ತದೆ. ಎಣ್ಣೆ ಹಾಕುವ ಹಳೇ ಕಂಪ್ರೆಸರ್‌ನ ರಿಂಗ್ ಸವೆದಿದ್ದರೆ ಎಣ್ಣೆಯೂ ಜೊತೆಗೆ ಬರುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಲ್ಲಿ ತಿರುಗಿಸಿದರೂ ನಡೆಯುತ್ತಿತ್ತು. ಜೂನ್‌ನಲ್ಲಿ ದಿನಾ ತಿರುಗಿಸಬೇಕಿತ್ತು. ನಾನು ಆಸಿಡ್ ಹಚ್ಚಿ, ತೊಳೆದು, ಸೀಮೆಸುಣ್ಣದ ಬಿಳಿ ನೋಡಿ ಖುಷಿಪಟ್ಟು, ಅದರ ಮೇಲೆ ಎಣ್ಣೆ ಚಿಮುಕಿಸುತ್ತಿದ್ದೆ! ಈಗ ಪೈಪಿಗೆ ನೀರು ಎಣ್ಣೆ ಹಿಡಿಯುವ ಫಿಲ್ಟರ್ ಹಾಕಿಸಿದ್ದೇನೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಟ್ಯಾಂಕಿನ ನಲ್ಲಿ ತಿರುಗಿಸಿ ಕನ್ನಡಿಗೆ ಊದಿ ನೋಡುವುದು ಅಸಿಸ್ಟೆಂಟಿನ ಮೊದಲ ಕೆಲಸ, ದೇವರಿಗೆ ದೀಪ ಹಚ್ಚುವುದಕ್ಕೂ ಮುಂಚೆ.

ಕ್ಯಾಪಿನ ಕಡೆ ಬಿಟ್ಟಿದ್ದರೆ

ಕ್ಯಾಪ್ ಯಾವುದರದ್ದು ಅಂತ ಲ್ಯಾಬಿನ ಚೀಟಿ ನೋಡಿ. ಬಿಳಿ ಕ್ಯಾಪ್ ಎಲ್ಲವೂ ಒಂದೇ ಅಲ್ಲ. ಗಾಜಿನ ಅಂಶ ಇರುವ ಲಿಥಿಯಂ ಡೈಸಿಲಿಕೇಟ್ ಕ್ಯಾಪ್‌ಗೆ ಒಳಗಡೆ ಹೈಡ್ರೋಫ್ಲೋರಿಕ್ ಆಸಿಡ್ ಶೇ. 5ರದ್ದು 20 ಸೆಕೆಂಡ್, ತೊಳೆದು ಒಣಗಿಸಿ ಸೈಲೇನ್ (ಗಾಜಿಗೂ ರೆಸಿನ್‌ಗೂ ಕೊಂಡಿ ಹಾಕುವ ದ್ರವ) ಒಂದು ನಿಮಿಷ. ಈ ಆಸಿಡ್ ಅಪಾಯದ್ದು. ಬಾಯಿಯ ಹತ್ತಿರವೂ ತರಬೇಡಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಇನ್ನೊಂದು ಬಗೆಯ ಬಿಳಿ ಕ್ಯಾಪ್ ಜಿರ್ಕೋನಿಯಾದ್ದು. ಅದಕ್ಕೆ ಇದೇ ವಿಧಾನ ಮಾಡಿದರೆ ವ್ಯರ್ಥ. ಅದರಲ್ಲಿ ಗಾಜೇ ಇಲ್ಲ, ಆಸಿಡ್ ಕೊರೆಯುವುದು ಏನನ್ನು? ಅದಕ್ಕೆ 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು ಕಡಿಮೆ ಒತ್ತಡದಲ್ಲಿ ಊದಿ, ಎಂಡಿಪಿ ಇರುವ ಪ್ರೈಮರ್ ಹಚ್ಚಬೇಕು. ಎಂಡಿಪಿ ಒಂದು ಫಾಸ್ಫೇಟ್ ಅಣು. ಹಲ್ಲಿನ ಕ್ಯಾಲ್ಸಿಯಂಗೂ ಜಿರ್ಕೋನಿಯಾಕ್ಕೂ ಕೊಂಡಿ ಹಾಕುತ್ತದೆ. ಜನ ಎಡವುವುದು ಇದರ ನಂತರ. ಬಾಯಲ್ಲಿ ಇಟ್ಟು ಅಳತೆ ನೋಡುವಾಗ ಜೊಲ್ಲಿನ ಫಾಸ್ಫೇಟ್ ಜಿರ್ಕೋನಿಯಾವನ್ನು ಹಿಡಿದುಕೊಳ್ಳುತ್ತದೆ, ಎಂಡಿಪಿ ಕೂರಬೇಕಾದ ಕುರ್ಚಿಯಲ್ಲಿ ಅದು ಕೂರುತ್ತದೆ. ನೀರಿನಲ್ಲಿ ತೊಳೆದರೆ ಏಳುವುದಿಲ್ಲ. ಆಸಿಡ್ ಜೆಲ್ಲಿನಿಂದ ಸ್ವಚ್ಛ ಮಾಡೋಣ ಅಂತ ಹೊರಟರೆ ಇನ್ನೂ ಕೆಟ್ಟದ್ದು, ಅದೂ ಫಾಸ್ಫಾರಿಕ್ ಆಸಿಡ್ ತಾನೇ? ಅಳತೆ ನೋಡಿದ ಮೇಲೆ ಮತ್ತೆ ಪುಡಿ ಊದಿ, ಇಲ್ಲವೇ ಜಿರ್ಕೋನಿಯಾಕ್ಕೆಂದೇ ಇರುವ ಕ್ಲೀನಿಂಗ್ ಪೇಸ್ಟ್ ಹಚ್ಚಿ.

ಮೆಟಲ್ ಕ್ಯಾಪ್ ಒಳಗೆ ಹೊಳೆಯುತ್ತಿದ್ದರೆ ಪುಡಿ ಊದಿ ಮಂಕು ಮಾಡಿ. ಇದಕ್ಕಿಂತ ಜಾಸ್ತಿ ಹೇಳುವುದು ಏನಿಲ್ಲ.

ಸಿಮೆಂಟೇ ಮುರಿದಿದ್ದರೆ

ಕಲಸುವ ಕೈ ನೋಡಿ. ಜಿಐಸಿ ಬೇಗ ಗಟ್ಟಿಯಾಗುತ್ತದೆ ಅಂತ ಒಂದು ಹನಿ ದ್ರವ ಜಾಸ್ತಿ ಹಾಕುವುದು ಎಲ್ಲ ಕ್ಲಿನಿಕ್ಕಿನ ಗುಟ್ಟು. ನೀರಾದ ಸಿಮೆಂಟು ಗಟ್ಟಿಯಾದ ಮೇಲೂ ದುರ್ಬಲ. ಇನ್ನೊಂದು, ಕಲಸಿದ ಮುದ್ದೆಯ ಮೇಲೆ ಹೊಳಪು ಇರುವಾಗಲೇ ಕ್ಯಾಪ್ ಕೂರಿಸಬೇಕು. ಹೊಳಪು ಹೋಗಿ ಮಂಕಾಯಿತು ಅಂದರೆ ಹಲ್ಲಿನ ಕ್ಯಾಲ್ಸಿಯಂ ಜೊತೆ ಕೊಂಡಿ ಹಾಕಬೇಕಾದ ಕೈಗಳು ಆಗಲೇ ಒಂದನ್ನೊಂದು ಹಿಡಿದುಕೊಂಡಿವೆ. ಅಂಥದ್ದನ್ನು ಒತ್ತಿ ಕೂರಿಸಿದರೆ ಕ್ಯಾಪ್ ಎತ್ತರವೂ ನಿಲ್ಲುತ್ತದೆ, ಬೇಗ ಬೀಳುತ್ತದೆ. ಕೂರಿಸಿದ ಮೇಲೆ ಮೊದಲ ಕೆಲವು ನಿಮಿಷ ಅಂಚಿಗೆ ಜೊಲ್ಲು ತಾಗದ ಹಾಗೆ ನೋಡಿಕೊಳ್ಳಿ.

ಜಿಂಕ್ ಫಾಸ್ಫೇಟ್ ಈಗಲೂ ಕಲಸುವವರಿದ್ದೀರಿ, ನನಗೆ ಗೊತ್ತು. ದಪ್ಪ ಗಾಜಿನ ಹಲಗೆ, ತಣ್ಣಗೆ, ಪುಡಿಯನ್ನು ಚೂರು ಚೂರೇ ಸೇರಿಸಿ ಅಗಲವಾಗಿ ಕಲಸುವುದು. ಸ್ಪ್ಯಾಚುಲಾ ಎತ್ತಿದರೆ ಅರ್ಧ ಮುಕ್ಕಾಲು ಇಂಚು ಎಳೆ ಬರಬೇಕು, ಮೈಸೂರುಪಾಕಿಗೆ ಎಳೆಪಾಕ ನೋಡುವ ಹಾಗೆ. ಮಲೆನಾಡಿನಲ್ಲಿ ಇದಕ್ಕೊಂದು ಕಂಟಕ: ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಹಲಗೆ ಒಂದೇ ನಿಮಿಷದಲ್ಲಿ ಬೆವರುತ್ತದೆ. ಆ ನೀರು ಸಿಮೆಂಟಿಗೆ ಸೇರಿ ಹದ ಕೆಡಿಸುತ್ತದೆ. ನಮ್ಮೂರ ಜುಲೈ ಚಳಿಗೆ ಹಲಗೆಯನ್ನು ಫ್ರಿಜ್ಜಿನಲ್ಲಿ ಇಡುವ ಅಗತ್ಯವೇ ಇಲ್ಲ. ರೆಸಿನ್ ಸಿಮೆಂಟಿನ ಟ್ಯೂಬನ್ನು ಫ್ರಿಜ್ಜಿನಿಂದ ತೆಗೆದರೆ ಕೋಣೆಯ ಬಿಸಿಗೆ ಬಂದ ಮೇಲೇ ಬಳಸಿ.

ಒಂದು ಗೂಢವಾದ ಕಾರಣವೂ ಇದೆ. ಬೆಳಕಿಲ್ಲದೆ ತಾನೇ ಗಟ್ಟಿಯಾಗುವ ರೆಸಿನ್ ಸಿಮೆಂಟುಗಳಲ್ಲಿ ಗಟ್ಟಿಯಾಗುವುದನ್ನು ಶುರುಮಾಡುವ ಅಮೀನ್ ಇರುತ್ತದೆ. ಕೆಲವು ಒಂದೇ ಬಾಟಲಿಯ ಬಾಂಡ್‌ಗಳು ಹುಳಿ ಜಾಸ್ತಿ ಇರುವಂಥವು. ಆ ಹುಳಿ ಅಮೀನನ್ನು ಕೊಲ್ಲುತ್ತದೆ. ಮೇಲೆ ಸಿಮೆಂಟು ಕಲ್ಲಿನಂತಿರುತ್ತದೆ, ಬಾಂಡ್ ತಾಗಿದ ಕಡೆ ಮಾತ್ರ ಬೆಣ್ಣೆಯ ಹಾಗೆ. ಕ್ಯಾಪ್ ಒಳಗೆ ಕೆರೆದಾಗ ಮೆತ್ತಗೆ ಪದರ ಬಂದರೆ ಇದನ್ನೇ ಅನುಮಾನಿಸಿ. ಆ ಬಾಂಡ್ ಜೊತೆ ಆ ಕಂಪನಿಯೇ ಕೊಡುವ ಆಕ್ಟಿವೇಟರ್ ಸೇರಿಸಬೇಕು, ಇಲ್ಲವೇ ಒಂದೇ ಕಂಪನಿಯ ಜೋಡಿ ಬಳಸಬೇಕು.

ಯಾವ ಅಂಟೂ ಹಿಡಿಯದ ಹಲ್ಲು

ಜಿಂಕ್ ಫಾಸ್ಫೇಟ್ ಅಂಟದೆಯೂ ಮೂವತ್ತು ವರ್ಷ ನಿಂತದ್ದು ಹೇಗೆ? ಹಲ್ಲು ಕಡೆದ ಆಕಾರದಿಂದ. ಎರಡು ಲೋಟ ಒಂದರೊಳಗೊಂದು ಸಿಕ್ಕಿಕೊಂಡು ಬರದೆ ಸತಾಯಿಸುತ್ತವಲ್ಲ, ಅಲ್ಲಿ ಅಂಟು ಇದೆಯಾ? ಗೋಡೆಗಳು ಹೆಚ್ಚುಕಡಿಮೆ ನೇರವಾಗಿದ್ದು, ಎತ್ತರ ಸಾಕಷ್ಟಿದ್ದರೆ ಸಿಮೆಂಟಿಗೆ ಕೆಲಸ ಕಡಿಮೆ. ದವಡೆ ಹಲ್ಲಿನಲ್ಲಿ ಕಡೆದ ಮೇಲೆ 4 ಮಿ.ಮೀ. ಎತ್ತರ ಉಳಿಯಬೇಕು, ಮುಂದಿನದಕ್ಕೆ 3. ಅದು ಬಿಟ್ಟು ಹಲ್ಲನ್ನು ಗೋಪುರದ ಹಾಗೆ ಚೂಪು ಮಾಡಿದರೆ ಕ್ಯಾಪ್ ತಲೆ ಮೇಲಿನ ಟೋಪಿ. ಪರೀಕ್ಷೆ ಸುಲಭ: ಸಿಮೆಂಟಿಲ್ಲದೆ ಕ್ಯಾಪ್ ಕೂರಿಸಿ, ಬೆರಳಲ್ಲಿ ಅಡ್ಡ ಅಲುಗಿಸಿ. ಎದ್ದು ಬಂದರೆ ಅಂಟಿನ ಬಾಟಲಿ ಕೆಳಗಿಡಿ.

ಅಜ್ಜಿಯ ಹಲ್ಲು ನೋಡಿದಾಗ ನನಗೆ ಇದು ಹೊಳೆಯಬೇಕಿತ್ತು. ಅರವತ್ತು ವರ್ಷ ಅಡಿಕೆ ಅಗಿದ ಬಾಯಿ. ಹಲ್ಲುಗಳೆಲ್ಲ ಸವೆದು ಚಪ್ಪಟೆ. ಕಡೆದ ಹಲ್ಲಿನ ಎತ್ತರ ಅಳೆದೆ, ಎರಡು ಮಿ.ಮೀ. ಚಿಲ್ಲರೆ. ಕಾರ್ಬನ್ ಪೇಪರ್ ಇಟ್ಟು ಕಚ್ಚಿಸಿದರೆ ಅಡ್ಡ ಅಗಿಯುವಾಗ ಇಡೀ ಭಾರ ಆ ಒಂದು ಕ್ಯಾಪಿನ ಮೂಲೆಗೆ. ಹೊಸ ಬಾಂಡ್, ಹಳೇ ಬಾಂಡ್, ಯಾವುದೂ ಅಲ್ಲಿ ನಿಲ್ಲುವಂತಿರಲಿಲ್ಲ.

ವಸಡನ್ನು ಸ್ವಲ್ಪ ಕೆಳಗಿಳಿಸಿ ಹಲ್ಲಿನ ಎತ್ತರ ಹೆಚ್ಚಿಸಿದೆ. ಗಾಯ ಮಾಗಲು ಬಿಟ್ಟು, ಎರಡು ಪಕ್ಕಕ್ಕೆ ಉದ್ದುದ್ದ ಗೀರು ಕಡೆದು, ಹೊಸ ಕ್ಯಾಪ್ ಮಾಡಿಸಿ, ಕಚ್ಚುವ ಭಾರ ಹಂಚಿದೆ. ಅಂಟಿಸಿದ್ದು ಅದೇ ಹಳೇ ಸಿಮೆಂಟಿನಿಂದ. ನಡುವೆ ಒಂದು ದಿನ ಅವರ ಮೊಮ್ಮಗ "ಸರ್, ಅಲ್ಲೀತನಕ ಅಂಗಡಿ ಕ್ವಿಕ್ ಗಮ್ ಹಾಕಿ ಹಳೇದನ್ನೇ ಕೂರಿಸ್ಲಾ?" ಅಂತ ಕೇಳಿದ. ದಯವಿಟ್ಟು ಬೇಡ. ಆ ಗಮ್ ಒದ್ದೆಯಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ಕ್ಯಾಪ್ ಸೊಟ್ಟಗೆ ಕೂತರೆ ಮತ್ತೆ ತೆಗೆಯಲು ಹಲ್ಲನ್ನೇ ಕೊರೆಯಬೇಕಾಗುತ್ತದೆ, ವಸಡೂ ಸುಡುತ್ತದೆ. ಕ್ಯಾಪ್ ಬಿದ್ದರೆ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ಕೆರೆಯದೆ, ಇದ್ದ ಹಾಗೇ ತನ್ನಿ. ರಾತ್ರಿ ಬಾಯಲ್ಲಿಟ್ಟುಕೊಂಡು ಮಲಗಬೇಡಿ, ಗಂಟಲಿಗೆ ಹೋದೀತು.

ಹೊಸ ಕ್ಯಾಪ್ ಹಾಕಿದ ದಿನ ಅಜ್ಜಿ ಕನ್ನಡಿ ನೋಡಿ, ನಾಲಿಗೆಯಲ್ಲಿ ಮುಟ್ಟಿ ನೋಡಿ, "ಹಳೇದು ಎಲ್ಲಿ?" ಅಂದರು. ಬಿಸಾಡುವ ಟ್ರೇನಲ್ಲಿತ್ತು. "ದುಡ್ಡು ಕೊಟ್ಟಿದ್ದಲ್ವಾ ಮಾರಾಯ್ರೇ" ಅಂತ ಇಸಿದುಕೊಂಡು, ಸಂಚಿಯೊಳಗೆ ಸುಣ್ಣದ ಡಬ್ಬಿ ಪಕ್ಕಕ್ಕೇ ಇಟ್ಟುಕೊಂಡು ಹೊರಟರು.